ಓನರಮ್ಮನ ಹೂದಾನಿ

ನಮ್ಮ ಮನೆ ಓನರಮ್ಮನ ಎಡಗಣ್ಣು ಬಲಗಣ್ಣಿಗಿಂತ ಒಂದು ಸುತ್ತು ಚಿಕ್ಕದಾಗಿ ಕಾಣುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ, ಅಭ್ಯಾಸದಿಂದ ಬಂದದ್ದು. ಕ್ಯಾಮೆರಾದ ಕಿಂಡಿಗೆ ಬಲಗಣ್ಣಿಟ್ಟು ಎಡಗಣ್ಣು ಮುಚ್ಚಿ ಮುಚ್ಚಿ, ಕೊನೆಗೆ ಕೈಯಲ್ಲಿ ಕ್ಯಾಮೆರಾ ಇಲ್ಲದಿದ್ದಾಗಲೂ, ಏನನ್ನಾದರೂ ಗಮನವಿಟ್ಟು ನೋಡಬೇಕೆಂದರೆ ಆ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಐವತ್ತೈದು ದಾಟಿದ, ಹಣೆ ತುಂಬ ಕುಂಕುಮವಿಟ್ಟ ಹೆಂಗಸು ಹುರುಳಿಕಾಯಿ ಆರಿಸುವಾಗ ಹೀಗೆ ಒಂದು ಕಣ್ಣು ಮುಚ್ಚಿ ನೋಡಿದರೆ ತಳ್ಳುಗಾಡಿಯವನು ಪಾಪ ಏನು ತಿಳಿದುಕೊಳ್ಳಬೇಕು? ಅವನು ನಾಚಿಕೊಂಡು ಮುಖ ಆ ಕಡೆ ತಿರುಗಿಸಿ ಒಂದು ಹಿಡಿ ಜಾಸ್ತಿ ಹಾಕುತ್ತಿದ್ದ. ಓನರಮ್ಮ ಮಾತ್ರ ತಮ್ಮ ಚೌಕಾಸಿಯಿಂದಲೇ ಅದು ಸಿಕ್ಕಿತೆಂದು ಕೊನೆಯವರೆಗೂ ನಂಬಿದ್ದರು.

ಎಂಬತ್ತರ ದಶಕದ ನಡುವೆ, ಮದುವೆಯಾದ ಹೊಸದರಲ್ಲಿ, ನಾವು ರಾಜಾಜಿನಗರದ ಅವರ ಮಹಡಿ ಮನೆಗೆ ಬಾಡಿಗೆಗೆ ಹೋದೆವು. ಒಂದು ಹಾಲು, ಒಂದು ಅಡುಗೆಮನೆ. ನಮ್ಮನೆಯವರು ಕಾರ್ಖಾನೆಯಲ್ಲಿ ಶಿಫ್ಟು, ನಾನು ಮೆಜೆಸ್ಟಿಕ್ ಕಡೆಯ ಒಂದು ಕಚೇರಿಯಲ್ಲಿ ಟೈಪಿಸ್ಟು. ಜೊತೆಗೆ ನಮ್ಮತ್ತೆ. ಮಾವ ಹಿರೀಮಗನ ಜೊತೆ ಊರಲ್ಲಿದ್ದರು. ಹೊಸ ಸೊಸೆಗೆ ಸಂಪ್ರದಾಯ ಕಲಿಸುವ ಹೊಣೆ ಹೊತ್ತು ಅತ್ತೆ ನಮ್ಮ ಜೊತೆ ಬಂದಿದ್ದರು, ಕಲಿಸುವುದು ಮುಗಿಯುವ ಲಕ್ಷಣ ಕಾಣುತ್ತಿರಲಿಲ್ಲ.

ಕ್ಯಾಮೆರಾ ನಿಜವಾಗಿ ಓನರಮ್ಮನ ಯಜಮಾನರದು. ಅವರು ರಿಟೈರ್ ಆದಾಗ ವಿದೇಶದಿಂದ ಬಂದ ನೆಂಟರೊಬ್ಬರು ಕೊಟ್ಟಿದ್ದರು. ಯಜಮಾನರು ಅದರಲ್ಲಿ ತಮ್ಮ ಸ್ಕೂಟರಿನ ಎರಡು ಫೋಟೋ ತೆಗೆದು, ತೃಪ್ತರಾಗಿ, ಬೀರುವಿನಲ್ಲಿಟ್ಟರು. ಹೊರಗೆ ತೆಗೆದವರು ಓನರಮ್ಮ. ತೆಗೆದವರು ಒಂದೇ ಒಂದು ಬಗೆಯ ಫೋಟೋ ತೆಗೆದರು: ಮನೆಯೊಳಗೆ, ಮೇಜಿನ ಮೇಲೆ, ಹೂದಾನಿಯಲ್ಲಿ ಹೂವು. ಮೊಮ್ಮಗಳ ನಾಮಕರಣದಲ್ಲೂ ಅವರು ಮಗುವಿನದಲ್ಲ, ಕಿಟಕಿ ಹತ್ತಿರವಿದ್ದ ಡೇರೆ ಹೂವಿನದೇ ಫೋಟೋ ತೆಗೆದರು.

"ಮನುಷ್ಯರು ಹೇಳಿದ್ ಮಾತು ಕೇಳಲ್ಲ ಕಣೇ. ಹೂವಾದ್ರೆ ಕೂರು ಅಂದ್ರೆ ಕೂತ್ಕೊಳುತ್ತೆ" ಎನ್ನುತ್ತಿದ್ದರು.

ಅವರ ತೊಂದರೆಯೆಂದರೆ ಸ್ವಂತ ಮನೆಯಲ್ಲಿ ಅದು ಆಗುತ್ತಿರಲಿಲ್ಲ. ಯಜಮಾನರಿಗೆ ಇಟ್ಟ ವಸ್ತು ಇಟ್ಟಲ್ಲೇ ಇರಬೇಕು. ಓನರಮ್ಮ ಕುರ್ಚಿಯನ್ನು ಒಂದು ಗೇಣು ಈಚೆ ಎಳೆದು ಕ್ಯಾಮೆರಾ ತರುವಷ್ಟರಲ್ಲಿ ಅವರು ಅದನ್ನು ಒಂದು ಗೇಣು ಆಚೆ ತಳ್ಳಿ ಪೇಪರ್ ಓದುತ್ತ ಕೂತಿರುತ್ತಿದ್ದರು. ನಮ್ಮ ಹಾಲಿಗೆ ಪೂರ್ವದ ಕಿಟಕಿಯಿತ್ತು. ಹಾಗಾಗಿ ವಾರಕ್ಕೊಂದು ಸಲ ಬೆಳಿಗ್ಗೆ ಏಳಕ್ಕೆ ಬಾಗಿಲು ತಟ್ಟುತ್ತಿತ್ತು. ಬೇರೆಯವರು ಸಕ್ಕರೆ, ಕಾಫಿಪುಡಿ ಕೇಳಿಕೊಂಡು ಬರುತ್ತಾರಲ್ಲ, ಹಾಗೇ ಅವರು, "ಒಂದರ್ಧ ಗಂಟೆ ನಿಮ್ಮನೆ ಕೊಡೇ" ಎಂದು ಕೇಳುತ್ತಿದ್ದರು.

ಕೊಟ್ಟರೆ ಮೊದಲು ನಮ್ಮ ಮನೆಯಲ್ಲಿ ಮನೆಯಂತೆ ಇದ್ದದ್ದೆಲ್ಲ ಹೊರಗೆ ಹೋಗಬೇಕು. ನೀರಿನ ಬಕೆಟ್ಟು, ಒದ್ದೆ ಟವೆಲು, ಸೀಮೆಎಣ್ಣೆ ಸ್ಟೋವು, ಅತ್ತೆಯ ಹಾಸಿಗೆ ಸುರುಳಿ, ರಾತ್ರಿ ಶಿಫ್ಟು ಮುಗಿಸಿ ಮಲಗಿದ್ದರೆ ನಮ್ಮನೆಯವರು. ಆಮೇಲೆ ಕೆಳಗಿನಿಂದ ಬೆತ್ತದ ಕುರ್ಚಿ ಬರುತ್ತಿತ್ತು, ಕ್ರೋಶಾ ಹಾಕಿದ ಮೇಜುಹೊದಿಕೆ ಬರುತ್ತಿತ್ತು, ಯಾರೂ ಓದದ ಒಂದು ದಪ್ಪ ಪುಸ್ತಕ, ಅದರ ಮೇಲೆ ಮಡಿಸಿಟ್ಟ ಕನ್ನಡಕ, ಅರ್ಧ ಕುಡಿದು ಬಿಟ್ಟ ಕಾಫಿ ಲೋಟ. ಕಾಫಿಯ ಹಬೆ ಫೋಟೋದಲ್ಲಿ ಬೀಳುವುದಿಲ್ಲವೆಂದು ಲೋಟದ ಹಿಂದೆ ಊದುಬತ್ತಿ ಹಚ್ಚಿಡುತ್ತಿದ್ದರು. ಎಲ್ಲದರ ನಡುವೆ ಹೂದಾನಿ.

"ಮನೆ ಅಂದ್ರೆ ಯಾರೋ ಈಗ್ತಾನೆ ಎದ್ದು ಹೋದ್ರು ಅನ್ನೋ ಹಾಗಿರ್ಬೇಕು" ಎಂಬುದು ಅವರ ಸಿದ್ಧಾಂತ.

ಮೆಟ್ಟಿಲ ಮೇಲೆ ಹಾಸಿಗೆ ಸುರುಳಿ ತಬ್ಬಿಕೊಂಡು ಕೂತ ಅತ್ತೆ, "ಎದ್ದು ಎಲ್ಲಿ ಹೋದ್ವಿ, ಎಬ್ಸಿ ಕಳ್ಸಿದಾರೆ" ಎಂದು ನನಗಷ್ಟೇ ಕೇಳುವ ಹಾಗೆ ಗೊಣಗುತ್ತಿದ್ದರು.

ಅತ್ತೆಗೆ ನಿಜವಾದ ಸಂಕಟ ಮನೆ ಖಾಲಿ ಮಾಡುವುದಲ್ಲ, ಹೂವು. ಆ ಕಾಲದಲ್ಲಿ ನಮ್ಮಂಥವರ ಮನೆಯ ಹೂದಾನಿಯಲ್ಲಿ ಪ್ಲಾಸ್ಟಿಕ್ ಹೂವಿರುತ್ತಿತ್ತು, ಹಬ್ಬದ ಹಿಂದಿನ ದಿನ ಅದಕ್ಕೆ ಸೋಪಿನ ಸ್ನಾನ. ನಿಜವಾದ ಹೂವೆಂದರೆ ದೇವರಿಗೆ, ಇಲ್ಲವೇ ಮುಡಿಗೆ. "ಇಷ್ಟು ಒಳ್ಳೆ ಸೇವಂತಿಗೆ, ದೇವರ ತಲೆಗೂ ಇಲ್ಲ, ಮನುಷ್ಯರ ತಲೆಗೂ ಇಲ್ಲ. ನೀರಲ್ಲಿ ನಿಂತು ಏನ್ ಮಾಡ್ಬೇಕು ಅದು?" ಎಂದು ಒಮ್ಮೆ ನೇರವಾಗಿಯೇ ಕೇಳಿದರು. ಓನರಮ್ಮ ಎಡಗಣ್ಣು ಮುಚ್ಚಿ ಅತ್ತೆಯನ್ನು ನೋಡಿ, "ಸುಮ್ನೆ ಇರ್ಲಿ ಬಿಡಿ, ಅದಕ್ಕೂ ಒಂದಿನ ರಜ ಬೇಡ್ವಾ?" ಎಂದರು.

ನಗರದ ಒಂದು ಛಾಯಾಚಿತ್ರ ಸಂಘ ವರ್ಷಕ್ಕೊಮ್ಮೆ ಪ್ರದರ್ಶನ ಇಡುತ್ತಿತ್ತು. ಅಲ್ಲಿ ತಮ್ಮದೊಂದು ಫೋಟೋ ಗೋಡೆ ಹತ್ತಬೇಕೆಂಬುದು ಓನರಮ್ಮನ ಆಸೆ. ಮೂರು ವರ್ಷ ಕಳಿಸಿದ್ದರು, ಮೂರು ವರ್ಷವೂ ವಾಪಸ್ಸು. ಹೂವು ಚೆನ್ನಾಗಿದೆ, ಮನೆ ನಂಬುವ ಹಾಗಿಲ್ಲ ಎಂಬ ಅರ್ಥದ ಒಂದು ಸಾಲು ಜೊತೆಗೆ ಬರುತ್ತಿತ್ತು. ನಾಲ್ಕನೆಯ ವರ್ಷ ಇನ್ನೊಂದು ಕಂಟಕ ಸೇರಿಕೊಂಡಿತು. ಮಗಳ ಗಂಡ ಕ್ಯಾಮೆರಾ ಕೇಳಿದ. ಅಳಿಯ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಎನ್ನುವುದುಂಟೇ? ಯಜಮಾನರು ಆಗಲಿ ಎಂದುಬಿಟ್ಟರು. ಶ್ರಾವಣದ ಒಂದು ಶನಿವಾರ ಅವನು ಬಂದು ಒಯ್ಯುವುದೆಂದು ನಿಶ್ಚಯವಾಯಿತು. ಪ್ರದರ್ಶನಕ್ಕೆ ಕಳಿಸುವ ಕೊನೆಯ ದಿನವೂ ಅದರ ಹಿಂದುಮುಂದೇ.

"ಮೂವತ್ನಾಲ್ಕು ತೆಗ್ದಿದೀನಿ, ಒಂದೂ ಮನೆ ಅನ್ನಿಸ್ತಿಲ್ಲ. ರೀಲಲ್ಲಿ ಇನ್ನೆರಡು ಉಳ್ದಿದೆ. ಶುಕ್ರವಾರ ಬೆಳಿಗ್ಗೆ ನಿಮ್ಮನೆ ಕೊಡೇ, ಆಮೇಲೆ ನಾನ್ ಕೇಳಲ್ಲ" ಎಂದರು ಓನರಮ್ಮ. ಅವರು ಹಾಗೆ ಮೆತ್ತಗೆ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಅದೇ ಶ್ರಾವಣದಲ್ಲಿ ನನಗೂ ಅತ್ತೆಗೂ ಮಾತು ಕಡಿಮೆಯಾಗಿತ್ತು. ಹಿಂದಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಮದುವೆಯಾದ ಮೊದಲ ವರ್ಷ, ಸೊಸೆಯ ಕೈಯಿಂದಲೇ ಕಲಶ ಕೂರಿಸಬೇಕೆಂದು ಅತ್ತೆ ತಿಂಗಳಿಂದ ಕಾದಿದ್ದರು. ಕಚೇರಿಯಲ್ಲಿ ರಜೆ ಕೊಡಲಿಲ್ಲ, ನಾನು ಹೋದೆ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆವತ್ತಿನಿಂದ ಅನ್ನ ಬಡಿಸುವಾಗ "ಸಾಕಾ?" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ.

ಓನರಮ್ಮ ಹೇಳಿದ ಶುಕ್ರವಾರ ಅತ್ತೆ ಬೆಳಿಗ್ಗೆಯೇ ದೇವಸ್ಥಾನಕ್ಕೆ ಹೋದರು. ನಮಗೆ ಅನುಕೂಲವೇ ಆಯಿತು. ಗಾಜಿನ ಹೂದಾನಿ ಹಿಂದಿನ ವಾರ ಒಡೆದಿದ್ದರಿಂದ ನಾನು ನಮ್ಮ ಹಿತ್ತಾಳೆ ಚೊಂಬನ್ನೇ ತೊಳೆದು ಕೊಟ್ಟೆ. ಓನರಮ್ಮ ಅದರ ತುಂಬ ನೀರು ಹಾಕಿ, ಹಳದಿ ಸೇವಂತಿಗೆ ಜೋಡಿಸಿ, ಕಂಠದ ಸುತ್ತ ಹಸಿರು ಬೇಕೆಂದು ತಮ್ಮ ಕಾಂಪೌಂಡಿನ ವೀಳ್ಯದೆಲೆ ಸಿಕ್ಕಿಸಿದರು. ಪಕ್ಕದಲ್ಲಿ ಕಾಫಿ ಲೋಟ, ಊದುಬತ್ತಿ. ಮೋಡ ಮುಚ್ಚಿತ್ತು. ಬಿಸಿಲು ಬರುವಷ್ಟರಲ್ಲಿ ಯಜಮಾನರಿಗೆ ತಿಂಡಿ ಕೊಟ್ಟು ಬರುತ್ತೇನೆಂದು ಅವರು ಕೆಳಗೆ ಹೋದರು. ಹಿತ್ತಲಿನ ನಲ್ಲಿಯಲ್ಲಿ ನೀರು ಬಂತೆಂದು ನಾನೂ ಕೊಡ ಹಿಡಿದು ಇಳಿದೆ. ಎಲ್ಲ ಸೇರಿ ಅರ್ಧ ಗಂಟೆ.

ನಾನು ಮೇಲೆ ಬಂದಾಗ ಚೊಂಬಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಸೇವಂತಿಗೆಗಳ ನಡುವೆ ದೇವಸ್ಥಾನದಿಂದ ತಂದ ತೆಂಗಿನಕಾಯಿ ಕೂತಿತ್ತು. ಎರಡು ದೀಪ ಉರಿಯುತ್ತಿದ್ದವು. ಅತ್ತೆ ಕಣ್ಣೊರೆಸಿಕೊಳ್ಳುತ್ತ, ಆಗಲೇ ಅಕ್ಕಪಕ್ಕದ ಮನೆಯ ಮೂವರು ಹೆಂಗಸರನ್ನು ಕರೆದು ಚಾಪೆಯ ಮೇಲೆ ಕೂರಿಸಿದ್ದರು.

"ನೋಡಿ, ಹಬ್ಬದ ದಿನ ಆಗ್ಲಿಲ್ಲ ಅಂತ ಈ ಶುಕ್ರವಾರ ನನಗೂ ಹೇಳ್ದೆ ಕೂರ್ಸಿದಾಳೆ. ನಾನು ದೇವಸ್ಥಾನಕ್ಕೆ ಹೋಗಿದ್ ಟೈಮ್ ನೋಡ್ಕೊಂಡು" ಎಂದು ಅವರಿಗೆಲ್ಲ ಹೇಳುತ್ತಿದ್ದರು. ನನ್ನ ಕಡೆ ತಿರುಗಿ, "ನಾನು ಏನೇನೋ ಅಂದ್ಕೊಂಡ್ಬಿಟ್ಟಿದ್ದೆ ಕಣೇ" ಎಂದರು.

ತಪ್ಪು ಅವರದಲ್ಲ. ಶ್ರಾವಣ ಶುಕ್ರವಾರ, ತುಂಬಿದ ಹಿತ್ತಾಳೆ ಚೊಂಬು, ಸುತ್ತ ವೀಳ್ಯದೆಲೆ, ಮೇಲೆ ಹೂವು, ಪಕ್ಕದಲ್ಲಿ ಊದುಬತ್ತಿ. ಅದನ್ನು ಹೂದಾನಿ ಎನ್ನಬೇಕಾದರೆ ಬೇರೆ ದೇಶದಲ್ಲಿ ಹುಟ್ಟಿರಬೇಕು. ಒಮ್ಮೆ ಪೂಜೆಯಾದ ಕಲಶವನ್ನು ಮಾರನೆಯ ಬೆಳಿಗ್ಗೆಯವರೆಗೆ ಕದಲಿಸುವ ಹಾಗಿಲ್ಲ. ನಿಜ ಹೇಳಿದರೆ ನಾಲ್ಕು ಜನರ ಮುಂದೆ ಅತ್ತೆಯ ಮುಖ ಏನಾಗಬೇಕು? ಹೇಳದಿದ್ದರೆ ಓನರಮ್ಮನ ಕೊನೆಯ ಬೆಳಗು ಹೋಯಿತು. ನಾನು ನೀರಿನ ಕೊಡ ಸೊಂಟದಲ್ಲಿ ಹೊತ್ತುಕೊಂಡು ಬಾಗಿಲಲ್ಲೇ ನಿಂತೆ. ಅಷ್ಟರಲ್ಲಿ ಮೋಡ ಸರಿದು ಕಿಟಕಿಯಿಂದ ಬಿಸಿಲು ಬಂದು ಸೀದಾ ಆ ಚೊಂಬಿನ ಮೇಲೆ ಬಿತ್ತು. ಹಿಂದೆಯೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಓನರಮ್ಮ ಮೆಟ್ಟಿಲು ಹತ್ತಿ ಬಂದರು.

ಅವರು ಕಲಶ ನೋಡಿದರು, ಅತ್ತೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎಡಗಣ್ಣು ಮುಚ್ಚಿಕೊಂಡಿತು.

"ನೀವು ಆ ಕಡೆ ಹೋಗೋದನ್ನೇ ಕಾಯ್ತಿದ್ಲು ನಿಮ್ ಸೊಸೆ. ನಂದೇನಿಲ್ಲ, ಎಲೆ ಕೇಳಿದ್ಲು, ಕೊಟ್ಟೆ" ಎಂದು ಚಾಪೆಯ ಮೇಲೆ ನಾಲ್ಕನೆಯವರಾಗಿ ಕೂತುಬಿಟ್ಟರು.

ಅತ್ತೆಯ ಸಂಭ್ರಮ ನೆತ್ತಿಗೇರಿತು. ಎಲ್ಲರಿಗೂ ಅರಿಶಿನ ಕುಂಕುಮ ಕೊಟ್ಟರು. ಓನರಮ್ಮನ ಹಣೆಗೆ ಹಚ್ಚಿ ಉಳಿದ ಕುಂಕುಮವನ್ನು ಕ್ಯಾಮೆರಾದ ನೆತ್ತಿಗೂ ಇಟ್ಟರು. "ಹೇಗೂ ತಂದಿದೀರಲ್ಲ, ದೇವಿ ಜೊತೆ ನಂದೊಂದು ತೆಗೀರಿ" ಎಂದರು. ಮೂವತ್ತೈದನೆಯದರಲ್ಲಿ ಅತ್ತೆ ಕಲಶದ ಪಕ್ಕ ಸಿಪಾಯಿಯಂತೆ ನಿಂತರು. ಮೂವತ್ತಾರನೆಯದು ಉಳಿದ ಮೂವರಿಗೆ ಬೇಸರವಾಗಬಾರದೆಂದು ಎಲ್ಲರದ್ದೂ ಸೇರಿಸಿ ಒಂದು. ರೀಲು ಮುಗಿಯಿತು. ಓನರಮ್ಮ ದೇವಸ್ಥಾನದ ಪ್ರಸಾದವಾಗಿ ಬಂದ ಕೋಸಂಬರಿ ತಿಂದು, ಉಪ್ಪು ಹದವಾಗಿದೆ ಎಂದು ಹೇಳಿ ಇಳಿದು ಹೋದರು.

ಸಂಜೆ ನನಗೆ ತಡೆಯಲಾಗಲಿಲ್ಲ. ಕಲಶದ ಮುಂದೆಯೇ ಅತ್ತೆಗೆ ಎಲ್ಲ ಹೇಳಿದೆ, ಅಳಿಯ ಬಂದು ಕ್ಯಾಮೆರಾ ಒಯ್ಯುವುದೂ ಸೇರಿ. ಆಕಾಶ ಕಳಚಿ ಬೀಳುತ್ತದೆಂದುಕೊಂಡೆ. ಅತ್ತೆ ಬತ್ತಿ ಹೊಸೆಯುತ್ತಲೇ ಇದ್ದರು.

"ಕಾಫಿ ಲೋಟ ಕಣ್ಣಿಗೆ ಬಿದ್ದಾಗ್ಲೇ ಅನುಮಾನ ಬಂತು" ಎಂದರು. "ಎಂಜಲು ಲೋಟ ಪಕ್ಕದಲ್ಲಿಟ್ಟು ಯಾರ್ ಕಲಶ ಕೂರ್ಸ್ತಾರೆ? ಅಷ್ಟೊತ್ತಿಗೆ ಎಲ್ರನ್ನೂ ಕರ್ದಾಗಿತ್ತು. ಲೋಟ ಸೆರಗಲ್ಲಿ ಮುಚ್ಕೊಂಡು ಹೋಗಿ ಒಳಗಿಟ್ಟೆ."

ನನಗೆ ನಗು ಬಂತು. ನಕ್ಕರೆ ಏನಾಗುತ್ತದೋ ಎಂದು ತಡೆದುಕೊಂಡೆ. ಮೊದಲು ನಕ್ಕವರು ಅತ್ತೆ.

ಮಾರನೆಯ ದಿನ ಅಳಿಯ ಬಂದಾಗ ಅತ್ತೆ ಪ್ರಸಾದದ ನೆಪದಲ್ಲಿ ಕೆಳಗಿಳಿದರು. ಹಿಂದೆ ನಾನು. ಯಜಮಾನರು ಕ್ಯಾಮೆರಾವನ್ನು ಚೀಲಕ್ಕೆ ಹಾಕುತ್ತಿದ್ದರು.

"ಅಯ್ಯೋ, ಅದಕ್ಕೆ ನೆನ್ನೆ ಕುಂಕುಮ ಇಟ್ಟಿದೆ, ಸ್ವಾಮಿ" ಎಂದರು ಅತ್ತೆ. "ಶ್ರಾವಣದಲ್ಲಿ ಲಕ್ಷ್ಮಿ ಮುಂದೆ ಕುಂಕುಮ ಇಟ್ಟಿದ್ದನ್ನ ತಿಂಗಳು ಮುಗಿಯೋವರ್ಗೂ ಮನೆಯಿಂದ ಆಚೆ ಕಳಿಸ್ತಾರಾ? ನಿಮಗೆ ಗೊತ್ತಿಲ್ದೇ ಇರೋದಾ?"

ಅಂಥ ಶಾಸ್ತ್ರ ಯಾವ ಊರಲ್ಲೂ ಇಲ್ಲ. ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನ ಯಜಮಾನರದಲ್ಲ. "ಗೊತ್ತು, ಗೊತ್ತು. ನಾನೇ ಹೇಳೋಣ ಅಂತಿದ್ದೆ" ಎಂದು ಕ್ಯಾಮೆರಾ ಹೊರಗೆ ತೆಗೆದರು. ಓನರಮ್ಮ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು, ಎರಡೂ ಕಣ್ಣು ಪೂರ್ತಿ ತೆರೆದು.

ಅಳಿಯ ಮುಂದಿನ ತಿಂಗಳು ಬಂದ. ಗೌರಿ ಹಬ್ಬ ಮುಂದಿದೆ, ಆಗಬಾರದು ಎಂದರು ಅತ್ತೆ. ಆಮೇಲೆ ಬಂದ, ಪಿತೃಪಕ್ಷ. ಮತ್ತೆ ಬಂದ, ಆಯುಧಪೂಜೆ, ಪೂಜೆಗೆ ಕೂತ ಕ್ಯಾಮೆರಾ. ದೀಪಾವಳಿಯಲ್ಲಿ ಲಕ್ಷ್ಮಿಯನ್ನು ಹೊರಗೆ ಕಳಿಸುವುದೇ? ಧನುರ್ಮಾಸದಲ್ಲಿ ಕೊಡುವುದು ಕೊಳ್ಳುವುದು ಕೂಡದು. ಸಂಕ್ರಾಂತಿ ಹೊತ್ತಿಗೆ ಆ ಬಡಪಾಯಿ ಪಂಚಾಂಗಕ್ಕೆ ಸೋತು ತಾನೇ ಒಂದು ಕ್ಯಾಮೆರಾ ಕೊಂಡುಕೊಂಡ.

ಆ ವರ್ಷದ ಪ್ರದರ್ಶನವಂತೂ ತಪ್ಪಿತು. ಅತ್ತೆ ಕಲಶದ ಪಕ್ಕ ನಿಂತ ಫೋಟೋವನ್ನೇ ಮರುವರ್ಷ ಓನರಮ್ಮ ಕಳಿಸಿದರು. ಹೂವು, ಹಣ್ಣು, ಪಾತ್ರೆಗಳ ವಿಭಾಗದಲ್ಲಿ ಮನುಷ್ಯರಿರಬಾರದು ಎಂದು ಬರೆದು ಸಂಘದವರು ವಾಪಸ್ ಕಳಿಸಿದರು. ಓನರಮ್ಮನಿಗಿಂತ ಅತ್ತೆಗೆ ಸಿಟ್ಟು ಬಂತು. "ನನ್ನ ಬೇಡ ಅಂದ್ರಾ ಅವರು?" ಎಂದು ಎರಡು ದಿನ ಕೇಳುತ್ತಲೇ ಇದ್ದರು. ಆಮೇಲೂ ಓನರಮ್ಮ ವರ್ಷ ತಪ್ಪದೆ ಕಳಿಸಿದರು. ಒಂದೂ ಗೋಡೆ ಹತ್ತಲಿಲ್ಲ. ಒಮ್ಮೆ ಮಾತ್ರ, ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುವಾಗ, "ಆ ಶುಕ್ರವಾರದ ಬಿಸ್ಲು ಇತ್ತಲ್ಲ, ಅಂಥದ್ದು ಮತ್ತೆ ಬೀಳ್ಲೇ ಇಲ್ಲ ನೋಡು" ಎಂದರು. ದೂರಿನ ದನಿಯಲ್ಲಲ್ಲ, ಈ ಸಲ ಮಾವು ಹುಳಿ ಎನ್ನುವಂತೆ.

ನಾವು ಕೆಂಗೇರಿ ಉಪನಗರಕ್ಕೆ ಮನೆ ಬದಲಾಯಿಸಿದ ಎರಡನೆಯ ವರ್ಷ ಅವರು ಹೋದರು. ಎದೆನೋವು ಎಂದರಂತೆ, ಆಸ್ಪತ್ರೆ ತಲುಪಲಿಲ್ಲ. ಸುದ್ದಿ ತಿಳಿದು ಹೋಗಿ ನೋಡಿ ಬಂದೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಅವ್ರಿಗೆ ಆ ಒಂದು ಪಟ ತಪ್ಪಿಸ್ಬಿಟ್ಟೆ ಕಣೇ ನಾನು. ಒಂದಿನಾನೂ ಅವರು ಅದನ್ನ ಎತ್ತಿ ಆಡ್ಲಿಲ್ಲ" ಎಂದರು.

ನಾನು ಅವರ ಕೈ ಹಿಡಿದುಕೊಂಡೆ. ಹಾಗೆ ಕೈ ಹಿಡಿದುಕೊಳ್ಳುವಷ್ಟು ನಾವಿಬ್ಬರೂ ಹತ್ತಿರವಾಗಿದ್ದದ್ದೇ ಆ ಶುಕ್ರವಾರದಿಂದ. ಪಟ ತಪ್ಪಿಸಿದ್ದು ಅತ್ತೆಯಲ್ಲ. ಬಾಗಿಲಲ್ಲಿ ನಿಂತಿದ್ದವಳು ನಾನು, ನಿಜವೋ ಸುಳ್ಳೋ ಒಂದು ಮಾತು ಆಡಬೇಕಾಗಿದ್ದವಳೂ ನಾನು. ನನಗೆ ಬಾಯಿ ಬರಲಿಲ್ಲ. ನನ್ನ ಪಾಲಿನ ಮಾತನ್ನು ಓನರಮ್ಮ ಆಡಿ, ಹೋಗಿ ಚಾಪೆಯ ಮೇಲೆ ಕೂತರು.