ವೀಣೆ ತಾತನ ಅಂಗಡಿಯಲ್ಲಿ ನನ್ನ ಗಿಟಾರ್

ನನ್ನ ಅಗ್ಗದ ಎಲೆಕ್ಟ್ರಿಕ್ ಗಿಟಾರ್‌ಗೆ ನಾನೇ ಸದ್ದು ಹಿಡಿಯುವ ಹೊಸ ಪಿಕಪ್, ಹೊಸ ತಂತಿ ಹಾಕಿದ್ದೆ. ಆದರೂ ನುಡಿಸಿದರೆ ಗರಗರ ಅನ್ನುತ್ತಿತ್ತು. ಭಾನುವಾರ ಪದ್ಮನಾಭನಗರದ ಗಣೇಶನ ಪೆಂಡಾಲಿನಲ್ಲಿ ನಮ್ಮ ಆರ್ಕೆಸ್ಟ್ರಾ ಬೇರೆ ಇತ್ತು. ಕೊನೆಗೆ ಸಿದ್ದಾಪುರದಲ್ಲಿ ವೀಣೆ ರಿಪೇರಿ ಮಾಡುವ ತಾತನ ಹತ್ತಿರ ಒಯ್ದೆ.

ತಾತ ಗಿಟಾರಿನ ಕತ್ತಿನ ಲೋಹದ ಫ್ರೆಟ್‌ಗಳ ಮೇಲೆ ಬೆರಳಾಡಿಸಿ, "ವೀಣೆ ಮೆಟ್ಟು ಇದ್ದಂಗೇ ಇದೆ. ಮೂರು ಎದ್ದು ನಿಂತು ತಂತಿಗೆ ತಾಗ್ತಿವೆ, ಸಂಜೆ ಬಾ," ಅಂದರು.

ಸಂಜೆಗೆ ಅರದಲ್ಲಿ ಉಜ್ಜಿ ಸಮ ಮಾಡಿದ್ದರು, ಗರಗರ ಪೂರ್ತಿ ಹೋಗಿತ್ತು. ಆದರೆ ಆರೂ ತಂತಿಗಳನ್ನು ವೀಣೆಯ ಹಾಗೆ ಬರೀ ಸ, ಪ ಸ್ವರಗಳಿಗೆ ಕೂಡಿಸಿದ್ದರು.

"ಇದರ ಶ್ರುತಿ ಬೇರೆ ಥರ ತಾತ," ಅಂದು ತಂತಿ ಬಿಗಿಯುವ ಬಿರಡೆಗೆ ಕೈ ಹಾಕಿದೆ.

"ಶ್ರುತಿ ತಪ್ಪಿದ್ದು ನನ್ನ ಅಂಗಡಿಯಿಂದ ಹೊರಗೆ ಹೋಗಲ್ಲಪ್ಪ. ರಸ್ತೆ ಮೂಲೆ ತಿರುಗಿದ ಮೇಲೆ ಏನಾದ್ರೂ ಮಾಡ್ಕೋ," ಅಂದರು.

ಮೂಲೆ ತಿರುಗಿದೆ. ಕದ್ದು ಸಿಗರೇಟು ಸೇದುವವನ ಹಾಗೆ ಹಿಂದೆ ಮುಂದೆ ನೋಡಿ ಬಿರಡೆ ತಿರುಗಿಸಿದೆ.