ಎದುರಿಗೇ ಇದ್ದ ನೇರ ವಿಮಾನ

ಪಂಪು ತಯಾರಿಸುವ ಆ ಕಂಪನಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಟಿಕೆಟ್ ಅಕ್ಕ ಎಂದೇ. ಹತ್ತೊಂಬತ್ತು ವರ್ಷಗಳಿಂದ ಮಾರಾಟ ವಿಭಾಗದವರಿಗೆ ವಿಮಾನದ ಟಿಕೆಟ್ ತೆಗೆಸುತ್ತಿದ್ದಾಳೆ. ತಾನು ಮಾತ್ರ ಒಮ್ಮೆಯೂ ವಿಮಾನ ಹತ್ತಿದವಳಲ್ಲ.

ಮೊದಲೆಲ್ಲ ಒಬ್ಬೊಬ್ಬರು ಒಂದೊಂದು ವಿಮಾನದಲ್ಲಿ ಓಡಾಡಿ, ಪ್ರತಿ ಪ್ರಯಾಣಕ್ಕೂ ವಿಮಾನ ಕಂಪನಿಗಳು ಕೊಡುವ ರಿಯಾಯಿತಿ ಪಾಯಿಂಟುಗಳು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತಿದ್ದವು. ಎಲ್ಲರೂ ಒಂದೇ ವಿಮಾನ ಕಂಪನಿಯಲ್ಲಿ ಹೋಗಲಿ, ಪಾಯಿಂಟು ನಮ್ಮ ಕಂಪನಿಯ ಹೆಸರಿಗೆ ಬೀಳಲಿ ಎಂದು ಪಟ್ಟು ಹಿಡಿದವಳು ಇವಳೇ. ವರ್ಷದೊಳಗೆ ಆ ಪಾಯಿಂಟಿನಿಂದಲೇ ಮಾದರಿ ಪಂಪಿನ ಪೆಟ್ಟಿಗೆಗಳಿಗೆ ಹೆಚ್ಚಿನ ತೂಕದ ದುಡ್ಡು ಕೊಡುವುದು ತಪ್ಪಿತು. ತಿಂಗಳಿಗೆ ಎರಡು ಮೂರು ಟಿಕೆಟ್ ಪುಕ್ಕಟೆ ಬಂದವು. ಯಜಮಾನರು ಎಲ್ಲರೆದುರು ಹೊಗಳಿದರು. ಹೊಗಳಿಕೆ ಕೆಟ್ಟದ್ದು, ತಲೆಗೇರಿದರೆ ಇಳಿಯುವುದಿಲ್ಲ. ಅಂದಿನಿಂದ ಬೇರೆ ವಿಮಾನಗಳು ಅವಳ ಕಣ್ಣಿಗೇ ಬೀಳದಾದವು.

ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಎಂಟಕ್ಕೆ, ಊರೂರು ಸುತ್ತುವ ಮಾರಾಟಗಾರನೊಬ್ಬನ ಫೋನು ಬಂತು.

"ಅಕ್ಕಾ, ಅಮ್ಮನ್ನ ಆಸ್ಪತ್ರೆಗೆ ಸೇರ್ಸಿದಾರಂತೆ. ನನ್ನೇ ಕೇಳ್ತಾ ಇದಾಳಂತೆ. ಬೇಗ ಹೋಗೋದು ಯಾವ್ದಾದ್ರೂ ನೋಡಿ."

"ನೀನು ಏರ್‌ಪೋರ್ಟಿಗೆ ಹೊರಡಪ್ಪ, ನಾನಿದೀನಿ."

ಐದೇ ನಿಮಿಷದಲ್ಲಿ ಪಾಯಿಂಟಿನ ಟಿಕೆಟ್ ಕಳಿಸಿದಳು. ನಡುವೆ ಒಂದು ಕಡೆ ವಿಮಾನ ಬದಲಿಸಬೇಕಿತ್ತು. ಅವನು ಆಸ್ಪತ್ರೆ ಮುಟ್ಟಿದಾಗ ನಾಲ್ಕು ಗಂಟೆ. ತಾಯಿ ಎರಡೂವರೆಗೇ ಹೋಗಿಬಿಟ್ಟಿದ್ದಳು.

ಸಂಜೆ ಸುದ್ದಿ ಕೇಳಿ ಅವಳು ಬೆಳಗಿನ ವಿಮಾನಗಳ ಪಟ್ಟಿಯನ್ನು ಮತ್ತೆ ತೆರೆದಳು. ತಾನು ಒತ್ತಿದ ಸಾಲಿನ ಮೇಲೆಯೇ ಬೇರೆ ಕಂಪನಿಯ ನೇರ ವಿಮಾನವಿತ್ತು. ಸೀಟೂ ಇತ್ತು.

ಯಾರೂ ಅವಳನ್ನು ದೂರಲಿಲ್ಲ. ಅದೇ ಅವಳನ್ನು ತಿನ್ನತೊಡಗಿತು. ಗಂಡ, "ಬೇಕೂಂತ ಮಾಡಿದ್ಯಾ? ಸುಮ್ನಿರು. ಅವನಿಗೆ ಗೊತ್ತಾಗಿ ಏನಾಗ್ಬೇಕು?" ಎಂದ. ಅದೂ ಸರಿಯೇ. ಸರಿಯಾದ ಮಾತೆಲ್ಲ ಗಂಟಲಲ್ಲಿ ಇಳಿಯಬೇಕಲ್ಲ! ಅನ್ನವೇ ಇಳಿಯುತ್ತಿರಲಿಲ್ಲ.

ಹದಿನೈದು ದಿನ ಬಿಟ್ಟು ಅವನು ಕೆಲಸಕ್ಕೆ ಬಂದ. ಸೀದಾ ಅವಳ ಮೇಜಿನ ಮುಂದೆ ನಿಂತು ಕೈ ಮುಗಿದ.

"ನೀವಿದ್ರಿ ಅಂತ ಕೊನೇಗೆ ಮುಖನಾದ್ರೂ ನೋಡಿದೆ ಅಕ್ಕಾ. ನಿಮ್ಮ ಋಣ ತೀರ್ಸಕ್ಕಾಗಲ್ಲ."

ಅವಳಿಗೆ ತಡೆಯಲಾಗಲಿಲ್ಲ. "ಹಾಗನ್ಬೇಡಪ್ಪ. ಅವತ್ತು ನೇರ ವಿಮಾನ ಇತ್ತು. ಪಾಯಿಂಟಿನ ಚಾಳಿ ನೋಡು, ಅದನ್ನ ಬಿಟ್ಟು ಇದನ್ನ ತೆಗೆಸ್ಬಿಟ್ಟೆ. ನನ್ನ ತಪ್ಪು."

ಮುಗಿದ ಕೈಗಳು ಮೆಲ್ಲಗೆ ಕೆಳಗಿಳಿದವು. ಕೇಳಿದ: "ಅದು ಎಷ್ಟೊತ್ತಿಗೆ ಇಳೀತಿತ್ತು?"

"ಹನ್ನೆರಡೂಕಾಲಿಗೆ" ಎಂದಳು.