ಮೊದಲು ಕೂತವರು ಯಾರು

ನಮ್ಮ ಮನೆಯ ಫ್ಲಾಸ್ಕಿಗೆ ನೀಲಿ ಮೈ, ಕೆಂಪು ಮುಚ್ಚಳ. ಅದರ ಸ್ವಂತ ಮುಚ್ಚಳ ಯಾವ ವಾರ್ಡಿನಲ್ಲಿ ಉಳಿಯಿತೋ, ಈ ಪರಕೀಯ ಮುಚ್ಚಳ ಯಾರ ಮನೆಯದೋ, ನನ್ನ ಹೆಂಡತಿ ಸರೋಜಳಿಗೂ ಗೊತ್ತಿರಲಿಲ್ಲ. ಮಧ್ಯಾಹ್ನವಾದರೆ ಅದರಲ್ಲಿ ಗಂಜಿ ತುಂಬಿಕೊಂಡು ಹೊಸೂರಿನ ಯಾವುದಾದರೊಂದು ಆಸ್ಪತ್ರೆಗೆ ಹೊರಟುಬಿಡುತ್ತಿದ್ದಳು. ತಾಳಿ ಕಟ್ಟಿದ ತಪ್ಪಿಗೂ ನನಗೆ ಆ ಫ್ಲಾಸ್ಕಿನಿಂದ ಒಂದು ಗುಟುಕು ಕಾಫಿ ದಕ್ಕಿದ್ದಿಲ್ಲ. ಈಗ ಅವಳಿಲ್ಲ. ಫ್ಲಾಸ್ಕು ಇದೆ, ನಾನಿದ್ದೇನೆ, ಇಬ್ಬರಿಗೂ ಕೆಲಸವಿಲ್ಲ.

ಅಂಥ ಹೊತ್ತಿನಲ್ಲಿ ಅವಳ ಸಂಘದವರು ನನಗೊಂದು ಕೆಲಸ ತಗುಲಿಹಾಕಿದರು. ಯಾವ ಸಂಘ ಎನ್ನುತ್ತೀರಾ? ಹೆಸರು ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಆಸ್ಪತ್ರೆಯಲ್ಲಿ ಮಲಗಿದವರ ಪಕ್ಕ ಕೂರಲು ಮನೆಯವರು ಯಾರೂ ಇಲ್ಲದಿದ್ದರೆ ಈ ಸಂಘದವರು ಹೋಗಿ ಕೂರುತ್ತಾರೆ, ಅಷ್ಟೇ. ಮಾತ್ರೆ ತಂದುಕೊಡುವುದು, ಕೈಹಿಡಿದು ಬಚ್ಚಲಿಗೆ ನಡೆಸುವುದು, ತಮಿಳಿನ ಚೀಟಿಯನ್ನು ತೆಲುಗಿನವರಿಗೆ ಓದಿ ಹೇಳುವುದು, ಉಳಿದ ಹೊತ್ತು ಸುಮ್ಮನೆ ಕೂತಿರುವುದು. ಸುಮ್ಮನೆ ಕೂರುವುದೂ ಒಂದು ಸೇವೆಯೇ ಎಂದು ನಾನು ಸರೋಜಳನ್ನು ಎಷ್ಟೋ ಸಲ ಗೇಲಿ ಮಾಡಿದ್ದುಂಟು.

ಈ ಸಂಘ ಈಗ ಒಂದು ಪುಸ್ತಿಕೆ ತರುತ್ತಿದೆ. ಬಾಗಲೂರಿನಿಂದ ಕಾರ್ಖಾನೆಗೆ ಓಡಾಡುವ ಶಾಂತಿ ಅದರ ಕಾರ್ಯದರ್ಶಿ. ಮನೆಗೆ ಬಂದವಳೇ, "ಸಾರ್, ಸಂಘದ ಚರಿತ್ರೆ ನೀವೇ ಬರ್ಕೊಡ್ಬೇಕು. ಸುರು ಮಾಡಿದ್ದು ಸರೋಜಮ್ಮೋರೇ ಅಲ್ವಾ, ಅವ್ರ ಫೋಟೋನೇ ಮೊದಲ್ನೇ ಪುಟಕ್ಕೆ ಹಾಕ್ತೀವಿ" ಎಂದಳು.

ನಾನೋ ಚರಿತ್ರೆಯ ಮೇಷ್ಟ್ರು. ಒಂದು ಪೀರಿಯಡ್ಡಿನಲ್ಲಿ ಸಾಮ್ರಾಜ್ಯ ಕಟ್ಟಿ ಇನ್ನೊಂದರಲ್ಲಿ ಕೆಡವಿ, ಗಂಟೆ ಹೊಡೆಯುವಷ್ಟರಲ್ಲಿ ಕೈಯ ಸೀಮೆಸುಣ್ಣ ಒರೆಸಿಕೊಂಡು ಆಚೆ ಬರುತ್ತಿದ್ದವನು. ಎರಡು ಪುಟ ಯಾವ ಮಹಾ? 'ಸ್ಥಾಪಕಿ ಸರೋಜ' ಎಂದು ಬರೆದೆ. ಅಲ್ಲಿಗೆ ಗಾಡಿ ನಿಂತಿತು. ಅವಳು ಮೊದಲು ಯಾರ ಪಕ್ಕ ಕೂತಳು, ಏತಕ್ಕೆ ಕೂತಳು? ಒಂದೇ ಸೂರಿನಡಿ ಬಾಳಿದವನಿಗೆ ಗೊತ್ತಿಲ್ಲ. ಕೇಳಿಯೇ ಇರಲಿಲ್ಲ.

ಹಳಬರ ಪೈಕಿ ಉಳಿದವರು ಕೆಲಮಂಗಲದ ಮುನಿಯಮ್ಮ ಒಬ್ಬರೇ ಎಂದು ತಿಳಿದು ಬಸ್ಸು ಹತ್ತಿದೆ. ಆಕೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಸರೋಜಳ ಗಂಡ ಎಂದು ಹೇಳಿಕೊಂಡಾಗ ಕೈ ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಓ, ಪೇಪರ್ ತಿದ್ದಕ್ಕೆ ಹೋಗಿದ್ದ ಮೇಷ್ಟ್ರು ನೀವೇನಾ?"

ನನಗೆ ತಲೆಬುಡ ತಿಳಿಯಲಿಲ್ಲ. ಆಕೆಯೇ ಬಿಡಿಸಿ ಹೇಳಿದರು. "ನನ್ನ ಸೊಸೆ ಹೆರಿಗೇಗೆ ಸೇರಿದ್ಲು. ಪಕ್ಕದ ಮಂಚದಾಗೆ ನಿಮ್ಮ ಹೆಂಗಸ್ರು, ಆಪರೇಸನ್ ಆಗಿ ಮಲ್ಗಿದ್ರು. ಒಬ್ರೇ. ನಿಮ್ಮೋರು ಯಾರೂ ಬರಲ್ವಾ ತಾಯೀ ಅಂದ್ರೆ, ಯಜಮಾನ್ರು ಕೃಷ್ಣಗಿರೀಗೆ ಪೇಪರ್ ತಿದ್ದಕ್ಕೆ ಹೋಗವ್ರೆ ಅಂದ್ರು. ಸೊಸೆ, ಕೂಸು ಮನೇಗ್ ಹೋದ್ರೂ ನಾನು ಇನ್ನೆರಡು ದಿನ ಅಲ್ಲೇ ಇದ್ಬುಟ್ಟೆ. ಹೆಂಗ್ ಬುಟ್ಟು ಬರ್ಲಿ? ಹುಸಾರಾದ್ಮೇಲೆ ಅವ್ರೇ ನನ್ನ ಹುಡುಕ್ಕೊಂಡ್ ಬಂದ್ರು. ಬಾ ಮುನಿಯಮ್ಮ, ನನ್ನಂಗೇ ಇನ್ಯಾರಾದ್ರೂ ಒಬ್ರೇ ಮಲ್ಗಿರ್ತಾರೆ, ಹೋಗಿ ಕೂತ್ಕಳಾನ ಅಂದ್ರು. ಸಂಗ ಗಿಂಗ ಎಲ್ಲಾ ಆಮೇಲಿಂದು."

ಆ ಆಪರೇಷನ್ ನನಗೆ ನೆನಪಿದೆ. "ಉದ್ದನಪಲ್ಲಿಯಿಂದ ಅಕ್ಕ ಬರ್ತಾಳೆ, ನೀವು ಹೋಗ್ಬನ್ನಿ" ಎಂದು ಸರೋಜಳೇ ಕಳಿಸಿದ್ದಳು. ಸಂಜೆ ಬಸ್ಸು ಹತ್ತಿದರೆ ಕೃಷ್ಣಗಿರಿಯಿಂದ ಬಂದು ಮುಖ ತೋರಿಸಿ ಹೋಗಬಹುದಿತ್ತು. ಅಕ್ಕ ಇದ್ದಾಳಲ್ಲ ಎಂದು ಹಾಯಾಗಿ ಅಲ್ಲೇ ಉಳಿದೆ. ಮರಳಿದಾಗ, "ಅಕ್ಕ ಚೆನ್ನಾಗಿ ನೋಡ್ಕೊಂಡ್ಲು" ಎಂದಳು. ಅದಾದ ಮೇಲೆ ಅವಳಕ್ಕ ಎಷ್ಟು ಹಬ್ಬಗಳಿಗೆ ನಮ್ಮ ಮನೆಗೆ ಬಂದಿಲ್ಲ! ಒಂದೇ ಒಂದು ಸಲ ನಾನು ಆಕೆಗೆ 'ನಿಮ್ಮಿಂದ ಉಪಕಾರವಾಯಿತು' ಎಂದಿದ್ದರೆ ನಿಜ ಆ ಕ್ಷಣವೇ ಹೊರಬೀಳುತ್ತಿತ್ತು. ನಾನು ಅನ್ನುವುದಿಲ್ಲವೆಂದು ಸರೋಜಳಿಗೆ ಗೊತ್ತಿತ್ತು. ಇಷ್ಟು ಚೆನ್ನಾಗಿ ಅವಳು ನನ್ನನ್ನು ಅರಿತಿದ್ದಳಲ್ಲ ಎಂದು ನನಗೆ ನಾಚಿಕೆಯಾಯಿತು.

ಮರಳುವ ಬಸ್ಸಿನಲ್ಲಿ ತಲೆ ಗೊಂದಲದ ಗೂಡು. ಅಕ್ಕ ಬರುತ್ತೇನೆಂದು ಹೇಳಿ ತಪ್ಪಿಸಿಕೊಂಡಳೋ, ಸರೋಜಳೇ ಅವಳನ್ನು ಕರೆಯಲಿಲ್ಲವೋ? ನನಗೆ ನೋವಾಗದಿರಲೆಂದು ಮುಚ್ಚಿಟ್ಟಳೋ, ಇವನಿಗೆ ಹೇಳಿ ಏನು ಪ್ರಯೋಜನವೆಂದು ಕೈಬಿಟ್ಟಳೋ? ದಿನವೂ ನನ್ನ ಕಣ್ಣೆದುರೇ ಗಂಜಿ ತುಂಬಿಕೊಂಡು ಹೋಗುತ್ತಿದ್ದುದು ಯಾರಿಗೋ ಮಾಡಿದ ಸೇವೆಯೋ, ನನಗೆ ಕಲಿಸಿದ ಪಾಠವೋ? ಅಕ್ಕತಂಗಿಯರಿಬ್ಬರೂ ಈಗಿಲ್ಲ, ಕೇಳೋಣವೆಂದರೆ. ಗೆಳೆಯರೇ, ನಿಮಗೇನಾದರೂ ಹೊಳೆದರೆ ಹೇಳಿ. ಪ್ರೀತಿಯೆಂದುಕೊಂಡರೆ ಅಳು ಬರುತ್ತದೆ, ಸಿಟ್ಟೆಂದುಕೊಂಡರೆ ಸ್ವಲ್ಪ ಸಮಾಧಾನವಾಗುತ್ತದೆ, ಮರುಗಳಿಗೆ ಎರಡೂ ತಿರುವುಮುರುವಾಗುತ್ತವೆ. ಹೊಸೂರು ಬಂದದ್ದೂ ತಿಳಿಯದೆ ಕೂತಿದ್ದ ನನಗೆ ಕಂಡಕ್ಟರು ಇಳಿಯಿರೆಂದು ಎರಡು ಸಲ ಹೇಳಬೇಕಾಯಿತು.

ಮನೆಗೆ ಬಂದು ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಶುರುಮಾಡಿದೆ. ಮರುದಿನ ಶಾಂತಿ ಬಂದು ಹಾಳೆ ಎತ್ತಿಕೊಂಡು, ಮೊದಲ ಸಾಲನ್ನು ಗಟ್ಟಿಯಾಗಿ ಓದಿದಳು: "ನಮ್ಮ ಸಂಘ ಹುಟ್ಟಿದ್ದು, ಒಬ್ಬ ಗಂಡ ತನ್ನ ಹೆಂಡತಿಯನ್ನು ಆಸ್ಪತ್ರೆಯಲ್ಲಿ ಒಬ್ಬಳನ್ನೇ ಬಿಟ್ಟುಹೋದ ದಿನ."

ಅವಳು ತಬ್ಬಿಬ್ಬಾಗಿ ನನ್ನ ಮುಖ ನೋಡಿದಳು. "ಇದೇನ್ ಸಾರ್ ಹಿಂಗ್ ಬರ್ದಿದೀರಾ? ಯಾರು ಆ ಗಂಡ ಅಂತ ಓದ್ದೋರು ಕೇಳಲ್ವಾ?"

"ಕೇಳಲ್ಲಮ್ಮ," ಎಂದೆ. "ಬರೆದವನ ಹೆಸರು ಕೆಳಗೇ ಇದೆ."